ಜಗದೀಶಚಂದ್ರ ಭಟ್ಟಾಚಾರ್ಯ ಮತ್ತು ಕಾವಲೂರಿನ ದೊಡ್ಡ ದೂರದರ್ಶಕ

ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯು, ಕೊಡೈಕೆನಾಲ್ ವೀಕ್ಷಣಾಲಯದ ಪರಂಪರೆಯಿಂದ ಬೆಳೆದು 1971ರಲ್ಲಿ ಸ್ವಾಯತ್ತವಾದದ್ದು. ಅದರ ಸ್ಥಾಪಕ ನಿರ್ದೇಶಕ ವೈನು ಬಪ್ಪು ಅವರ ಹೆಸರು ಸರ್ವವಿದಿತವಾಗಿದ್ದರೂ, ಅವರ ನಂತರ 1982ರಿಂದ 1990ರಲ್ಲಿ ನಿವೃತ್ತರಾಗುವವರೆಗೆ ಸಂಸ್ಥೆಯನ್ನು ಮುನ್ನಡೆಸಿದ ಜಗದೀಶಚಂದ್ರ ಭಟ್ಟಾಚಾರ್ಯರ ಸಾಧನೆಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ.

ಭಟ್ಟಾಚಾರ್ಯರು ಮೂಲತಃ ಉಪಕರಣಗಳ ಮರ್ಮ ಬಲ್ಲ ವೀಕ್ಷಕರು. ಒಂದು ಆಕಾಶಕಾಯವು ತನ್ನ ಹಿಂದಿನ ನಕ್ಷತ್ರವನ್ನು ಮರೆಮಾಡುವ ಘಟನೆಗೆ ಆಚ್ಛಾದನೆ ಎನ್ನುತ್ತಾರೆ. ಮರೆಮಾಡುವ ಕಾಯಕ್ಕೆ ವಾತಾವರಣವಿಲ್ಲದಿದ್ದರೆ ನಕ್ಷತ್ರದ ಬೆಳಕು ಥಟ್ಟನೆ ಆರುತ್ತದೆ, ತೆಳುವಾದ ವಾತಾವರಣವಿದ್ದರೂ ಸಾಕು, ಬೆಳಕು ಕ್ರಮೇಣ ಕುಂದುತ್ತದೆ. ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ ಒಂದು ಮೀಟರ್ ವ್ಯಾಸದ ಜೀಸ್ ದೂರದರ್ಶಕ ಆಗಷ್ಟೇ ಸಿದ್ಧವಾಗಿದ್ದಾಗ, 1972ರ ಜೂನ್ 7ರಂದು ಗುರುಗ್ರಹದ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದುದನ್ನು ಅವರು ದಾಖಲಿಸಿದರು. ಗ್ಯಾನಿಮೀಡಿಗೆ ವಾತಾವರಣವಿರುವ ಸೂಚನೆ ಈ ವೀಕ್ಷಣೆಗಳಿಂದ ದೊರೆಯಿತು.

1977ರ ಮಾರ್ಚ್ 10ರ ಘಟನೆ ಇದಕ್ಕಿಂತ ಹಿರಿದು. ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವ ಮುನ್ನವೇ ಆ ನಕ್ಷತ್ರದ ಬೆಳಕು ಕ್ಷಣಕಾಲ ಕುಗ್ಗಿದ್ದನ್ನು ಕಾವಲೂರಿನಲ್ಲಿ ಗುರುತಿಸಿದ ಭಟ್ಟಾಚಾರ್ಯ ಮತ್ತು ಅವರ ಸಹೋದ್ಯೋಗಿ ಕುಪ್ಪುಸ್ವಾಮಿ, ಅದನ್ನು ಹೊಸ ಉಪಗ್ರಹವೆಂದು ಭಾವಿಸಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ಕೊಂಡೊಯ್ದ ದೂರದರ್ಶಕದಿಂದ ಮಾಡಿದ ವೀಕ್ಷಣೆಗಳು ಯುರೇನಸ್ಸಿಗೆ ಬಳೆಗಳಿರುವುದನ್ನು ತೋರಿಸಿದವು. ಆಗ ಭಟ್ಟಾಚಾರ್ಯರು ತಮ್ಮ ದಾಖಲೆಗಳಿಗೆ ಮರಳಿ, ಬಪ್ಪು ಅವರೊಡನೆ ಅದೇ ವರ್ಷ ಬಳೆಗಳ ಕುರಿತೇ ಮತ್ತೊಂದು ಪ್ರಬಂಧವನ್ನು ಪ್ರಕಟಿಸಿದರು. ಪ್ರಕಟವಾದ ತಮ್ಮದೇ ವ್ಯಾಖ್ಯಾನವನ್ನು ಅಷ್ಟು ಬೇಗ ಬದಲಿಸಿಕೊಳ್ಳುವ ಆ ನಿಷ್ಠೆಯೇ ಅವರ ವಿಜ್ಞಾನದ ಹಿರಿಮೆ.

1982ರ ಆಗಸ್ಟ್ 19ರಂದು, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದಾಗಲೇ, ಬಪ್ಪು ಮ್ಯೂನಿಕ್‌ನಲ್ಲಿ ನಿಧನರಾದರು. ದೇಶದಲ್ಲಿಯೇ ನಿರ್ಮಾಣಗೊಳ್ಳಬೇಕೆಂದು ಅವರು ಕನಸಿದ್ದ 2.34 ಮೀಟರ್ ವ್ಯಾಸದ ದೂರದರ್ಶಕ ಇನ್ನೂ ಪೂರ್ಣವಾಗಿರಲಿಲ್ಲ. ದೂರದರ್ಶಕದ ಪ್ರಾಣವೆಂದರೆ ಬೆಳಕನ್ನು ಸಂಗ್ರಹಿಸುವ ಪ್ರಧಾನ ದರ್ಪಣ. ಉಷ್ಣತೆ ಬದಲಾದರೂ ಬಹುತೇಕ ಹಿಗ್ಗದ, ಕುಗ್ಗದ ಜೆರೋಡರ್ ಎಂಬ ಗಾಜು-ಸೆರಾಮಿಕ್ ಬಿಲ್ಲೆ ಜರ್ಮನಿಯಿಂದ ಬಂದಿದ್ದರೂ, ಅದನ್ನು ಉಜ್ಜಿ, ಬೆಳಕಿನ ತರಂಗಾಂತರಕ್ಕಿಂತಲೂ ಸೂಕ್ಷ್ಮವಾಗಿ ಆಕಾರ ತಿದ್ದಿ, ಮೆರುಗು ಕೊಟ್ಟ ಕೆಲಸ ನಡೆದದ್ದು ಬೆಂಗಳೂರಿನ ಸಂಸ್ಥೆಯ ಪ್ರಯೋಗಾಲಯದಲ್ಲಿ. ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು: ಈ ಕೆಲಸ ಅವಸರವನ್ನು ಸಹಿಸದು. ನಾಯಕನನ್ನು ಕಳೆದುಕೊಂಡ ತಂಡ ಎದೆಗುಂದದಂತೆ ಹಿಡಿದಿಟ್ಟು, ವಾಲ್‌ಚಂದ್‌ನಗರದಲ್ಲಿ ತಯಾರಾದ ಯಾಂತ್ರಿಕ ರಚನೆಯೊಡನೆ ದರ್ಪಣವನ್ನು ಕೂಡಿಸುವ ಹೊಣೆ ಭಟ್ಟಾಚಾರ್ಯರ ಹೆಗಲೇರಿತು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದಾಗ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರಿಡಲಾಯಿತು. ಮತ್ತೊಬ್ಬರ ಕನಸನ್ನು ಅವರ ಹೆಸರಿನಲ್ಲಿಯೇ ಪೂರ್ಣಗೊಳಿಸುವುದಕ್ಕೆ ಕೌಶಲದಷ್ಟೇ ದೊಡ್ಡ ಮನಸ್ಸೂ ಬೇಕು.

ಭಟ್ಟಾಚಾರ್ಯರ ಆಡಳಿತಾವಧಿಯಲ್ಲಿಯೇ, 1988ರಲ್ಲಿ, ಆರ್. ರಾಜಮೋಹನ್ ಕಾವಲೂರಿನಿಂದ ಪತ್ತೆಹಚ್ಚಿದ ಕ್ಷುದ್ರಗ್ರಹವೊಂದಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಯಿತು. ರಾಜಮೋಹನ್ ಅವರದೇ ಮತ್ತೊಂದು ಶೋಧವಾದ 8348ನೇ ಕ್ಷುದ್ರಗ್ರಹ ಮುಂದೆ ಭಟ್ಟಾಚಾರ್ಯರ ಹೆಸರನ್ನು ಪಡೆಯಿತು. ಭಟ್ಟಾಚಾರ್ಯರ ನಿವೃತ್ತಿಯ ನಂತರದ ದಶಕದಲ್ಲಿ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ಸ್ಥಾಪಿಸಿತು, ಅದನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸಲಾಗುತ್ತದೆ.