ಒಂಟಿ ದಾದಿಯರ ಸಂಘ

ಕಾರ್ಖಾನೆ, ಗಣಿ, ಗಿರಣಿಗಳಲ್ಲಿ ಕೆಲಸಗಾರರ ಆರೋಗ್ಯವನ್ನು ದುಡಿಮೆಯ ಜಾಗದಲ್ಲಿಯೇ ನೋಡಿಕೊಳ್ಳುವವರನ್ನು ಔದ್ಯೋಗಿಕ ಆರೋಗ್ಯ ದಾದಿಯರೆಂದು ಕರೆಯುತ್ತಾರೆ. ಆಸ್ಪತ್ರೆಯ ದಾದಿಗೆ ಪಾಳಿ ಮುಗಿದಾಗ ರೋಗಿಯನ್ನು ಒಪ್ಪಿಸಿ ಹೋಗಲು ಇನ್ನೊಬ್ಬ ದಾದಿಯೂ, ಸಂದೇಹ ಬಂದರೆ ಕೇಳಲು ಮೇಲ್ವಿಚಾರಕಿಯೂ ಇರುತ್ತಾರೆ. ಕಾರ್ಖಾನೆಯ ದಾದಿಯಾದರೋ ಬಹುಪಾಲು ಒಬ್ಬಳೇ, ಸಾಲದೆಂಬಂತೆ ಅವಳಿಗೆ ಸಂಬಳ ಕೊಡುವವನು ಮಾಲೀಕ. ಅಮೆರಿಕದಲ್ಲಿ ಈ ದಾದಿಯರು ಸಂಘ ಕಟ್ಟಿಕೊಂಡದ್ದಕ್ಕೆ ಈ ಒಂಟಿತನವೇ ಕಾರಣ. ಕಟ್ಟಿದ ಸಂಘವನ್ನು ಉಳಿಸಿಕೊಳ್ಳುವುದು ಕಷ್ಟವಾದದ್ದಕ್ಕೂ ಅದೇ ಕಾರಣ.

ವರ್ಮಾಂಟ್ ಸಂಸ್ಥಾನದ ಪ್ರಾಕ್ಟರ್ ಎಂಬ ಊರಿನ ಅಮೃತಶಿಲೆ ಕಂಪನಿಯೊಂದು 1895ರಲ್ಲಿ ಏಡಾ ಮೇಯೊ ಸ್ಟೂವರ್ಟ್ ಅವರನ್ನು ನೇಮಿಸಿಕೊಂಡಿತು. ವಾಲ್ತಮ್‌ನ ದಾದಿಯರ ಶಾಲೆಯಲ್ಲಿ ತರಬೇತಿ ಪಡೆದಿದ್ದ ಅವರು ಸೈಕಲ್ ಏರಿ ಕಲ್ಲುಗಣಿಯ ಕೆಲಸಗಾರರ ಮನೆಮನೆಗೆ ಹೋಗಿ, ಕಾಯಿಲೆಯವರನ್ನು ನೋಡಿಕೊಂಡು, ದೂರದೇಶಗಳಿಂದ ವಲಸೆ ಬಂದಿದ್ದ ತಾಯಂದಿರಿಗೆ ಮಕ್ಕಳ ಆರೈಕೆಯನ್ನು ಹೇಳಿಕೊಡುತ್ತಿದ್ದರು. ಅಮೆರಿಕದ ಪಠ್ಯಗಳು ಬಹುವಾಗಿ ಅವರಿಂದಲೇ ಈ ವೃತ್ತಿಯ ಕಥೆಯನ್ನು ಆರಂಭಿಸುತ್ತವೆಯಾದರೂ, ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಕೋಲ್ಮನ್ ಸಾಸಿವೆ ಕಾರ್ಖಾನೆ ಅದಕ್ಕೂ ಮೊದಲೇ, 1870ರ ದಶಕದಲ್ಲಿ, ಫಿಲಿಪ್ಪಾ ಫ್ಲವರ್‌ಡೇ ಎಂಬ ದಾದಿಯನ್ನು ಇಟ್ಟುಕೊಂಡಿತ್ತು. ಮೊದಲಿಗರು ಯಾರೆಂಬುದಕ್ಕಿಂತ ಮುಖ್ಯವಾದುದೆಂದರೆ, ಇಬ್ಬರ ನೇಮಕವೂ ಮಾಲೀಕರ ಔದಾರ್ಯವನ್ನೇ ನೆಚ್ಚಿತ್ತು ಎಂಬುದು.

ಕೆಲಸದಲ್ಲಿ ಗಾಯಗೊಂಡವರಿಗೆ ಮಾಲೀಕರೇ ಪರಿಹಾರ ಕೊಡಬೇಕೆಂಬ ಕಾಯ್ದೆಗಳು 1911ರಿಂದ ಒಂದೊಂದಾಗಿ ಸಂಸ್ಥಾನಗಳಲ್ಲಿ ಬಂದ ಮೇಲೆ ಔದಾರ್ಯದ ಜೊತೆಗೆ ಲೆಕ್ಕಾಚಾರವೂ ಸೇರಿತು. ಬೆರಳಿಗೆ ತಗುಲಿದ ಗಾಯ ಕೀವಾಗುವ ಮೊದಲೇ ತೊಳೆದು ಪಟ್ಟಿ ಕಟ್ಟಿದರೆ ಪರಿಹಾರದ ಹಣ ಉಳಿಯುತ್ತದೆಂಬುದು ಮಾಲೀಕರಿಗೆ ಮನವರಿಕೆಯಾಯಿತು. ಹೀಗೆ ಸಂಖ್ಯೆ ಬೆಳೆದ ದಾದಿಯರು 1915ರಲ್ಲಿ ಬಾಸ್ಟನ್ ನಗರದಲ್ಲಿ ಒಂದು ಕೂಟವನ್ನು ಕಟ್ಟಿಕೊಂಡರು. 1917ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯ ಅವರಿಗಾಗಿ ಒಂದು ಶಿಕ್ಷಣಕ್ರಮವನ್ನು ಆರಂಭಿಸಿತು. ಅದು ನಡೆದದ್ದು ವೈದ್ಯಶಾಲೆಯಲ್ಲಲ್ಲ, ವಾಣಿಜ್ಯಾಡಳಿತದ ಕಾಲೇಜಿನಲ್ಲಿ ಎಂಬುದೇ ಈ ದಾದಿಯರು ನಿಂತಿದ್ದ ಇಕ್ಕಟ್ಟಿನ ಜಾಗವನ್ನು ತೋರಿಸುತ್ತದೆ.

ಎರಡನೆಯ ಮಹಾಯುದ್ಧದ ಕಾರ್ಖಾನೆಗಳು ಹಗಲಿರುಳು ನಡೆಯುತ್ತಿದ್ದ 1942ರಲ್ಲಿ ಅಮೆರಿಕದ ಕೈಗಾರಿಕಾ ದಾದಿಯರ ರಾಷ್ಟ್ರೀಯ ಸಂಘ ಸ್ಥಾಪನೆಯಾಗಿ, ಕ್ಯಾಥರೀನ್ ಡೆಂಪ್ಸಿ ಅದರ ಮೊದಲ ಅಧ್ಯಕ್ಷೆಯಾದರು. ಹತ್ತು ವರ್ಷಗಳಲ್ಲಿಯೇ ಅದಕ್ಕೆ ದೊಡ್ಡ ಪ್ರಶ್ನೆಯೊಂದು ಎದುರಾಯಿತು. ದೇಶದ ದಾದಿಯರ ಹಲವು ಸಂಘಗಳು 1952ರಲ್ಲಿ ಎರಡು ದೊಡ್ಡ ಸಂಸ್ಥೆಗಳಾಗಿ ಮರುರೂಪ ಪಡೆದಾಗ ಈ ಸಂಘ ಅವುಗಳಲ್ಲಿ ವಿಲೀನವಾಗದೆ ಬೇರೆಯಾಗಿಯೇ ಉಳಿಯಿತು. ದೊಡ್ಡ ಮನೆಯ ಆಸರೆಯನ್ನು ಬಿಟ್ಟರೆ ಚಂದಾ, ಪತ್ರಿಕೆ, ಸಮ್ಮೇಳನಗಳೆಲ್ಲದರ ಖರ್ಚನ್ನೂ ಚಿಕ್ಕ ಸಂಘವೇ ಹೊರಬೇಕು. ಆದರೆ ಆಸ್ಪತ್ರೆಯವರ ನಡುವೆ ಸೀಸದ ವಿಷ, ಯಂತ್ರದ ಸದ್ದಿನಿಂದ ಬರುವ ಕಿವುಡು, ಕಲ್ಲುಧೂಳು ಶ್ವಾಸಕೋಶವನ್ನು ಗಟ್ಟಿಮಾಡುವ ಸಿಲಿಕೋಸಿಸ್ ಮೊದಲಾದವುಗಳ ಮಾತು ಮೂಲೆಗೆ ಸರಿಯುತ್ತಿತ್ತೆಂಬುದನ್ನು ನೆನೆದರೆ ಆ ನಿರ್ಧಾರವನ್ನು ಹಟಮಾರಿತನವೆನ್ನಲಾಗದು. ಕೈಗಾರಿಕಾ ವೈದ್ಯರ ಸಂಘದೊಡನೆ ವಾರ್ಷಿಕ ಸಮ್ಮೇಳನವನ್ನು ಜೊತೆಯಾಗಿ ನಡೆಸುವುದು ಸಂಘಕ್ಕೆ ಆನುಕೂಲ್ಯದ ಒಂದು ದಾರಿಯಾಯಿತು.

ಸಂಘ 1953ರಲ್ಲಿ ತನ್ನದೇ ಪತ್ರಿಕೆಯನ್ನು ಹೊರತಂದಿತು. 1970ರ ಔದ್ಯೋಗಿಕ ಸುರಕ್ಷತಾ ಕಾಯ್ದೆಯ ಬೆನ್ನಿಗೇ, 1972ರಲ್ಲಿ, ಅರ್ಹತಾ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಪ್ರತ್ಯೇಕ ಮಂಡಳಿ ಬಂದಿತು. ಕಾರ್ಖಾನೆಗಳಾಚೆ ಕಚೇರಿಗಳಿಗೂ ಆಸ್ಪತ್ರೆಗಳಿಗೂ ಕೆಲಸ ಹರಡಿದ್ದರಿಂದ 1977ರಲ್ಲಿ ಸಂಘದ ಹೆಸರಿನಿಂದ ‘ಕೈಗಾರಿಕಾ’ ಎಂಬ ಪದ ಹೋಗಿ ‘ಔದ್ಯೋಗಿಕ ಆರೋಗ್ಯ’ ಎಂಬುದು ಸೇರಿತು.

ಭಾರತದ 1948ರ ಕಾರ್ಖಾನೆಗಳ ಕಾಯ್ದೆ 500ಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಶುಶ್ರೂಷಾ ಸಿಬ್ಬಂದಿಯುಳ್ಳ ಆಂಬುಲೆನ್ಸ್ ಕೊಠಡಿ ಇರಬೇಕೆಂದು ವಿಧಿಸಿತ್ತು. ಅಮೆರಿಕದ 1970ರ ಕಾಯ್ದೆಯಲ್ಲಾದರೋ ಪ್ರತಿ ದೊಡ್ಡ ಕಾರ್ಖಾನೆಯೂ ದಾದಿಯನ್ನು ಇಟ್ಟುಕೊಳ್ಳಬೇಕೆಂಬ ಕಡ್ಡಾಯವಿರಲಿಲ್ಲ. ಆದ್ದರಿಂದ ಕಾರ್ಖಾನೆ ಮುಚ್ಚಿದರೆ, ಇಲ್ಲವೆ ಚಿಕಿತ್ಸಾಲಯವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟರೆ ಹುದ್ದೆಯೇ ಇಲ್ಲವಾಗಿ, ಸಂಘಕ್ಕೆ ಒಬ್ಬ ಸದಸ್ಯೆ ಕಡಿಮೆಯಾಗುತ್ತಿದ್ದಳು. ಹುದ್ದೆ ಉಳಿದವಳಿಗೂ ಬದಲಿ ಇಲ್ಲದೆ ಸಭೆಗೆ ಹೋಗಲು ಬಿಡುವು ಸಿಗುವುದು ಕಷ್ಟವಿತ್ತು. ಹಲವು ಸಲ ಹೆಸರು ಬದಲಿಸಿಕೊಂಡ ಸಂಘದ ಪತ್ರಿಕೆ 2012ರಿಂದ ‘ವರ್ಕ್‌ಪ್ಲೇಸ್ ಹೆಲ್ತ್ ಆ್ಯಂಡ್ ಸೇಫ್ಟಿ’ ಎಂಬ ಶೀರ್ಷಿಕೆಯಲ್ಲಿ ಬರುತ್ತಿದೆ. ದಾದಿ ಎಂಬ ಪದ ಅದರ ಮುಖಪುಟದ ಹೆಸರಿನಲ್ಲಿ ಈಗ ಇಲ್ಲ.