ಫೋನ್ ಮಾಡಬೇಕಾದವರು ಯಾರು? ಅಮೆರಿಕದ ಕಾಲೇಜು ಕ್ರೀಡಾ ಆಯ್ಕೆಯಲ್ಲಿ ಸಂಕೋಚದ ಹುಡುಗಿ

ಅಮೆರಿಕದ ಕಾಲೇಜುಗಳು ಆಟಗಾರ್ತಿಯರನ್ನು ಸೇರಿಸಿಕೊಳ್ಳುವ ಬಗೆಯನ್ನು ಕುರಿತ ಚರ್ಚೆ ಹೆಚ್ಚಾಗಿ ಹಣ, ಸಮಾನತೆ, ವಯಸ್ಸು ಈ ಮೂರರ ಸುತ್ತಲೇ ನಡೆದಿದೆ. ಹುಡುಗಿಯ ಸ್ವಭಾವ ಅಲ್ಲಿ ಅಷ್ಟಾಗಿ ಬಂದಿಲ್ಲ. ಮೈದಾನದಲ್ಲಿ ಚುರುಕಾಗಿದ್ದು, ಹೊಸಬರ ಮುಂದೆ ಬಾಯಿ ಬಿಡದ ಹದಿನಾಲ್ಕು ಹದಿನೈದರ ಹುಡುಗಿಗೆ ಈ ವ್ಯವಸ್ಥೆ ಏನು ಮಾಡಿತು ಎಂಬುದು ಈ ಲೇಖನದ ಪ್ರಶ್ನೆ. ಎಳೆಯರನ್ನು ಕಾಯಲೆಂದು ಬರೆದ ನಿಯಮವೇ ಬಹುಕಾಲ ಮಾತಿನ ಹೊರೆಯನ್ನು ಆಕೆಯ ತಲೆಗೆ ಕಟ್ಟಿತು, ಆ ಮಾತನ್ನು ಮನೆಯವರು ಆಡಿಸಿದರು ಎಂಬುದು ನನ್ನ ವಾದ.

ಹಿನ್ನೆಲೆ ತಿಳಿದದ್ದೇ. 1972ರ ಜೂನ್ 23ರಂದು, ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ ‘ಟೈಟಲ್ ನೈನ್’ ಕಾಯ್ದೆ ಬಂದಾಗ ಹೈಸ್ಕೂಲು ಕ್ರೀಡೆಗಳಲ್ಲಿದ್ದ ಹುಡುಗಿಯರು ಸುಮಾರು 2 ಲಕ್ಷ 94 ಸಾವಿರ. ಈಗ ಆ ಸಂಖ್ಯೆ 33 ಲಕ್ಷ ದಾಟಿದೆ. ಆಗ ಮಹಿಳಾ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದ ಎಐಎಡಬ್ಲ್ಯು ಸಂಘ ಶುರುವಿನಲ್ಲಿ ಕ್ರೀಡಾ ವಿದ್ಯಾರ್ಥಿವೇತನವನ್ನೇ ನಿಷೇಧಿಸಿತ್ತು. ವಿದ್ಯಾರ್ಥಿವೇತನ ಬಂದರೆ ಅದರ ಬೆನ್ನಿಗೇ ಹುಡುಗಿಯರನ್ನು ಬಲೆ ಬೀಸಿ ಹಿಡಿಯುವ ಪೈಪೋಟಿಯೂ ಬರುತ್ತದೆ ಎಂಬ ಭಯ ಅದನ್ನು ಕಟ್ಟಿದ ಶಿಕ್ಷಕಿಯರಿಗಿತ್ತು. 1973ರಲ್ಲಿ ಫ್ಲಾರಿಡಾದ ಆಟಗಾರ್ತಿಯರು, ತರಬೇತುದಾರರು ಹೂಡಿದ ಕೆಲ್‌ಮೇಯರ್ ದಾವೆಯಿಂದಾಗಿ ಆ ನಿಷೇಧ ಹೋಯಿತು. ದಾವೆ ನ್ಯಾಯವಾದದ್ದೇ, ಗಂಡುಮಕ್ಕಳಿಗೆ ಸಿಗುವುದು ಹೆಣ್ಣುಮಕ್ಕಳಿಗೂ ಸಿಗಬೇಕಿತ್ತು. ಆದರೆ ಶಿಕ್ಷಕಿಯರ ಭಯವೂ ಸುಳ್ಳಾಗಲಿಲ್ಲ. 1981–82ರಲ್ಲಿ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವಾದ ಎನ್‌ಸಿಎಎ ಮಹಿಳಾ ಚಾಂಪಿಯನ್‌ಷಿಪ್‌ಗಳನ್ನು ಕೈಗೆತ್ತಿಕೊಂಡಿತು, ಎಐಎಡಬ್ಲ್ಯು ಮುಚ್ಚಿಹೋಯಿತು.

ನಮ್ಮಲ್ಲಿ ಕ್ರೀಡಾ ಕೋಟಾ ಎಂದರೆ ಹೆಚ್ಚಾಗಿ ಪ್ರಮಾಣಪತ್ರ ನೋಡಿ ಸೀಟು ಕೊಡುವುದು. ಅಲ್ಲಿ ತಂಡದ ಕೋಚ್ ಆಟ ನೋಡಿ, ಮಾತಾಡಿಸಿ, ತಾನೇ ಆರಿಸುತ್ತಾರೆ. ಈ ‘ಮಾತಾಡಿಸುವುದು’ ಹೇಗೆ ನಡೆಯುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ಎನ್‌ಸಿಎಎಯ ಹಳೆಯ ನಿಯಮದಂತೆ, ಹೈಸ್ಕೂಲಿನ ಮೂರನೆಯ ವರ್ಷಕ್ಕೆ (ಹನ್ನೊಂದನೇ ತರಗತಿ) ಮುಂಚೆ ಕೋಚ್ ತಾನಾಗಿ ಹುಡುಗಿಗೆ ಕರೆ ಮಾಡುವಂತಿರಲಿಲ್ಲ. ಹುಡುಗಿಯೇ ಕರೆದರೆ ಮಾತಾಡಬಹುದಿತ್ತು. ಹಾಗಾಗಿ ಸಾಕರ್, ಲಕ್ರಾಸ್, ಸಾಫ್ಟ್‌ಬಾಲ್ ಆಟಗಳಲ್ಲಿ ಒಂದು ಬಳಸುದಾರಿ ಹುಟ್ಟಿತು. ಕಾಲೇಜಿನ ಕೋಚ್ ಹುಡುಗಿ ಆಡುವ ಕ್ಲಬ್ಬಿನ ಕೋಚ್‌ಗೆ ಹೇಳುವುದು. ಅವರು ಮನೆಗೆ ಹೇಳುವುದು: ನಾಳೆ ಸಂಜೆ ಇಷ್ಟು ಹೊತ್ತಿಗೆ ಫೋನ್ ಮಾಡಿಸಿ, ಅವರು ಎತ್ತಿಕೊಳ್ಳುತ್ತಾರೆ. ಎತ್ತದಿದ್ದರೆ ಹುಡುಗಿ ಮತ್ತೆ ಮತ್ತೆ ಪ್ರಯತ್ನಿಸಬೇಕು, ಏಕೆಂದರೆ ಅವಳು ಬಿಟ್ಟ ಸಂದೇಶಕ್ಕೆ ಕೋಚ್ ವಾಪಸು ಕರೆ ಮಾಡಿದರೂ ನಿಯಮಭಂಗ. ನೆಂಟರ ಫೋನಿಗೂ ತಡವರಿಸುವ ವಯಸ್ಸಿನಲ್ಲಿ, ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪಕ್ಕದಲ್ಲಿ ಕೂತ ಅಪ್ಪನ ಕಣ್ಸನ್ನೆ ನೋಡುತ್ತ ಆಡುವ ಮಾತು ಯಾರದು? ಪೋಷಕರು ನಡುವೆ ಬಾಯಿ ಹಾಕಬಾರದು, ಕೋಚ್‌ಗಳಿಗೆ ಅದು ಹಿಡಿಸದು ಎಂಬ ಬುದ್ಧಿಮಾತು ಎಲ್ಲೆಡೆ ಪ್ರಚಲಿತ. ಅದರಿಂದ ಪೋಷಕರು ಸುಮ್ಮನಾದರೇ ಹೊರತು ದೂರವಾಗಲಿಲ್ಲ. ಮೌನವನ್ನು ಕೋಚ್ ಆಸಕ್ತಿಯಿಲ್ಲವೆಂದೋ ಮುಂದಾಳುತನವಿಲ್ಲವೆಂದೋ ಓದಿಕೊಳ್ಳುವ ಅಪಾಯವಂತೂ ಇದ್ದೇ ಇತ್ತು.

ಮನೆಯ ಒತ್ತಡಕ್ಕೆ ಲೆಕ್ಕಾಚಾರದ ಬೇರೂ ಇದೆ. ಕ್ಲಬ್ ಶುಲ್ಕ, ಊರೂರಿನ ಟೂರ್ನಿ, ಹೋಟೆಲ್ ಖರ್ಚು ಎಲ್ಲವನ್ನೂ ಹೂಡಿಕೆಯೆಂದು ಎಣಿಸುವ ಕುಟುಂಬ, ವಾಪಸು ಬರುವುದು ಪೂರ್ಣ ವಿದ್ಯಾರ್ಥಿವೇತನ ಎಂದು ನಂಬಿರುತ್ತದೆ. ವಾಸ್ತವದಲ್ಲಿ, ಇತ್ತೀಚಿನವರೆಗೆ ಎನ್‌ಸಿಎಎಯ ಅತ್ಯುನ್ನತ ಹಂತವಾದ ಒಂದನೇ ಡಿವಿಷನ್‌ನ ಮಹಿಳಾ ಸಾಕರ್ ತಂಡಕ್ಕಿದ್ದ ಮಿತಿ 14 ವಿದ್ಯಾರ್ಥಿವೇತನ. ಇಪ್ಪತ್ತೈದಕ್ಕೂ ಹೆಚ್ಚು ಆಟಗಾರ್ತಿಯರಿರುವ ತಂಡದಲ್ಲಿ ಅದನ್ನೇ ತುಂಡು ಮಾಡಿ ಹಂಚುತ್ತಿದ್ದರು. ಮೂರನೇ ಡಿವಿಷನ್ ಮತ್ತು ಐವಿ ಲೀಗ್ ಕಾಲೇಜುಗಳಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲ. ಒಂಬತ್ತನೇ ತರಗತಿಯ ಹುಡುಗಿ ಕೊಟ್ಟ ‘ಬಾಯಿಮಾತಿನ ಒಪ್ಪಿಗೆ’ಯಂತೂ ಇಬ್ಬರಿಗೂ ಕಟ್ಟುಪಾಡಲ್ಲ. ಕೋಚ್ ಬದಲಾದರೆ ಅದು ಗಾಳಿಗೆ ಹೋಗಬಹುದು. ಆದರೆ ಕೊಟ್ಟ ಮಾತಿಗೆ ತಪ್ಪಬಾರದೆಂದು ಮನೆಯಲ್ಲಿ ಕಲಿತ ಹುಡುಗಿ ಅದನ್ನು ಅಷ್ಟು ಹಗುರವಾಗಿ ಕಾಣಲಾರಳು.

ಎಳೆಯ ವಯಸ್ಸಿನ ಈ ಆಯ್ಕೆಯಿಂದ ಲಕ್ರಾಸ್ ಕೋಚ್‌ಗಳೇ ಬೇಸತ್ತು ಬದಲಾವಣೆ ಕೇಳಿದರು ಎಂಬುದನ್ನು ಮರೆಯಬಾರದು. 2017ರಲ್ಲಿ ಆ ಆಟಕ್ಕೆ, 2018ರಲ್ಲಿ ಸಾಫ್ಟ್‌ಬಾಲ್‌ಗೆ, ಮೂರನೆಯ ವರ್ಷದ ಸೆಪ್ಟೆಂಬರ್ 1ರವರೆಗೆ ಯಾರೇ ಕರೆ ಮಾಡಿದರೂ ಆಯ್ಕೆಯ ಮಾತು ಕೂಡದೆಂದಾಯಿತು. 2019ರಲ್ಲಿ ಸಾಕರ್ ಸೇರಿ ಬಹುತೇಕ ಆಟಗಳಿಗೆ ಎರಡನೆಯ ವರ್ಷ ಮುಗಿದ ಮೇಲಿನ ಜೂನ್ 15 ಗೊತ್ತಾಯಿತು. ಈಗ ಮೊದಲ ಕರೆ ಕೋಚ್ ಕಡೆಯಿಂದಲೇ ಬರಬಹುದು. ಜೂನ್ 15ರ ನಡುರಾತ್ರಿ ಕೆಲವರ ಮೊಬೈಲಿಗೆ ಸಂದೇಶಗಳು ಸುರಿಯುತ್ತವೆ, ಎಷ್ಟೋ ಜನರಿಗೆ ಒಂದೂ ಬರುವುದಿಲ್ಲ. ಬೆಳಿಗ್ಗೆ ಅದನ್ನು ಮನೆಯವರಿಗೆ ಹೇಳುವುದೂ ಒಂದು ಪರೀಕ್ಷೆಯೇ.

ಹಾಗಿದ್ದರೂ ಈ ತಿದ್ದುಪಡಿ ಹಳೆಯದಕ್ಕಿಂತ ಸಾವಿರ ಪಾಲು ಲೇಸು. ಕೊರತೆ ಇರುವುದು ಇಷ್ಟರಲ್ಲಿ: ಯಾವ ದಿನದಿಂದ ಮಾತಾಡಬಹುದೆಂದು ನಿಯಮ ಹೇಳುತ್ತದೆ, ಒಪ್ಪಿಗೆ ಹುಡುಗಿಯದೇ ಎಂದು ತಿಳಿಯುವ ದಾರಿ ತೋರಿಸುವುದಿಲ್ಲ. ಯಾವ ಕಾಲೇಜೇ ಆಗಲಿ, ಆಕೆ ಒಬ್ಬಳೇ ಕೂತು ನಿಧಾನವಾಗಿ ಬರೆದು ಉತ್ತರಿಸಲು ಅವಕಾಶ ಕೊಡಬೇಕು. ಆ ಉತ್ತರಕ್ಕೆ ಫೋನಿನ ಮಾತಿನಷ್ಟೇ ಬೆಲೆ ಇರಬೇಕು.