ಕಾರಣ ಸಿಗದ ನೋವು: ವೈದ್ಯರು ಕೂಡಿ ಕೊಡುವ ಅಭಿಪ್ರಾಯದಿಂದ ರೋಗಿಗೆ ಸಿಗುವ ಸಮಾಧಾನ



ಬೋಡಿನಾಯಕನೂರಿನಿಂದ ಘಾಟಿಯ 17 ತಿರುವು ಹತ್ತಿದರೆ ಬೋಡಿಮೆಟ್ಟು. ಅದರಾಚೆ ಕೇರಳದ ಏಲಕ್ಕಿ ತೋಟಗಳು. ನಸುಕಿನಲ್ಲೇ ಜೀಪು ಹತ್ತಿ ಅಲ್ಲಿಗೆ ಕೂಲಿಗೆ ಹೋಗುವ ಹೆಂಗಸರಲ್ಲಿ ನಮ್ಮ ಮನೆಮಾತಿನವರೂ ಇದ್ದಾರೆ. ಏಲಕ್ಕಿ ಕಾಯಿ ಬಿಡುವುದು ಗಿಡದ ಬುಡದಲ್ಲಿ. ದಿನವಿಡೀ ಬಗ್ಗಿ ಬಿಡಿಸಬೇಕು. ನಮ್ಮ ಅತ್ತಿಗೆ ಇಪ್ಪತ್ತು ವರ್ಷ ಹಾಗೆ ದುಡಿದವರು. ಸೊಂಟದಲ್ಲಿ ಶುರುವಾದ ನೋವು ಹೆಗಲಿಗೂ ಕಾಲಿಗೂ ಹರಡಿತು. ಮೂರು ವರ್ಷದಲ್ಲಿ ನಾಲ್ವರು ವೈದ್ಯರನ್ನು ಕಂಡೆವು. ಎಕ್ಸ್‌ರೇ, ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ಆಯಿತು. ಎಲ್ಲ ಕಡೆ ಒಂದೇ ಉತ್ತರ, ‘ಏನೂ ಇಲ್ಲ’. ‘ಏನೂ ಇಲ್ಲ ಅಂತಾರಲ್ಲಪ್ಪ, ಹಾಗಾದರೆ ನಾನು ಸುಳ್ಳು ಹೇಳ್ತೀನಾ?’ ಎಂದು ಅತ್ತಿಗೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಅನುಭವ ಹಲವು ಮನೆಗಳಲ್ಲಿ ಇರುವುದರಿಂದ ಈ ಮಾಹಿತಿ ಬರೆಯುತ್ತಿದ್ದೇನೆ.

ಕೂಡಿ ಕೊಡುವ ಅಭಿಪ್ರಾಯ ಎಂದರೇನು?

ನಾನು ಗುಮಾಸ್ತನಾಗಿದ್ದವನು. ಒಂದು ಕಡತ ನಾಲ್ಕು ಮೇಜು ಸುತ್ತಿದರೆ ಪ್ರತಿಯೊಬ್ಬರೂ ತಮ್ಮ ಟಿಪ್ಪಣಿ ಬರೆದು ಮುಂದಕ್ಕೆ ಕಳಿಸುತ್ತಾರೆ. ತೀರ್ಮಾನ ಯಾರದೂ ಆಗುವುದಿಲ್ಲ. ನಾಲ್ವರೂ ಒಂದೇ ಮೇಜಿಗೆ ಕೂತರೆ ಅಂದೇ ಆದೇಶವಾಗುತ್ತದೆ. ವೈದ್ಯಕೀಯದಲ್ಲೂ ಹೀಗೇ. ಮೂಳೆ ತಜ್ಞರು, ನರ ತಜ್ಞರು, ಅರಿವಳಿಕೆ ತಜ್ಞರು, ಮನೋವೈದ್ಯರು, ಫಿಸಿಯೋಥೆರಪಿಯವರು ಒಟ್ಟಿಗೆ ರೋಗಿಯನ್ನು ನೋಡಿ ಒಂದು ಅಭಿಪ್ರಾಯ ಕೊಡುವ ಪದ್ಧತಿ ಇದು. ಎರಡನೇ ಮಹಾಯುದ್ಧದಲ್ಲಿ ಗಾಯಾಳು ಸೈನಿಕರ ನೋವನ್ನು ಕಂಡಿದ್ದ ಅಮೆರಿಕದ ಅರಿವಳಿಕೆ ತಜ್ಞ ಜಾನ್ ಬೋನಿಕಾ, ನೋವು ಒಬ್ಬ ತಜ್ಞನ ಕೈಗೆ ಸಿಗುವಂಥದ್ದಲ್ಲ ಎಂದು ಅರಿತು, 1960ರ ದಶಕದ ಆರಂಭದಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇಂಥ ಚಿಕಿತ್ಸಾಲಯ ಕಟ್ಟಿದರು.

ಕಾರಣ ಸಿಗದಿದ್ದರೂ ನೋವು ನಿಜ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮರುಕಳಿಸುವ ನೋವಿಗೆ ದೀರ್ಘಕಾಲದ ನೋವು ಎನ್ನುತ್ತಾರೆ. ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕು ಎಂಬುದನ್ನೂ ಸೇರಿಸಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿಯಲ್ಲಿ, ಬೇರೆ ರೋಗದ ಲಕ್ಷಣವೆಂದು ಹೇಳಲಾಗದ ದೀರ್ಘಕಾಲದ ನೋವಿಗೂ ಪ್ರತ್ಯೇಕ ಸ್ಥಾನವಿದೆ. ಸ್ಕ್ಯಾನಿನಲ್ಲಿ ಕಾಣದ ಮಾತ್ರಕ್ಕೆ ನೋವಿಲ್ಲ ಎಂದಲ್ಲ.

ಸಮಾಧಾನ ಯಾವುದರಿಂದ?

ಕೊನೆಗೆ ಒಂದು ಆಸ್ಪತ್ರೆಯಲ್ಲಿ ಮೂವರು ವೈದ್ಯರು ಒಟ್ಟಿಗೆ ಕೂತು ಅತ್ತಿಗೆಯನ್ನು ನೋಡಿದರು. ನೋವು ಪೂರ್ತಿ ಹೋಗಿಲ್ಲ. ಆದರೂ ಅವರು ಸಮಾಧಾನದಿಂದ ಇದ್ದಾರೆ. ಕೇಳಿದರೆ ಹೇಳುವುದು ಮೂರು ಮಾತು: ನಡುವೆ ತಡೆಯದೆ ಕೇಳಿದರು; ‘ನಿಮ್ಮ ನೋವು ನಿಜ’ ಎಂದರು; ಮುಂದೇನು ಮಾಡಬೇಕೆಂದು ಒಂದೇ ಹಾಳೆಯಲ್ಲಿ ಬರೆದುಕೊಟ್ಟರು. ಇದರ ಬದಲು ವೈದ್ಯರೆಲ್ಲ ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಎದ್ದುಹೋದರೆ, ನಾಲ್ವರಲ್ಲ, ಹತ್ತು ಮಂದಿ ಕೂತರೂ ರೋಗಿಗೆ ತೃಪ್ತಿಯಿಲ್ಲ. ತೃಪ್ತಿ ಬೇರೆ, ಗುಣವಾಗುವುದು ಬೇರೆ ಎಂಬುದೂ ನೆನಪಿರಲಿ. ತೃಪ್ತಿಯಾದವರು ಹೊಸ ಆಸ್ಪತ್ರೆ ಹುಡುಕಿ ಸಾಲ ಮಾಡುವುದನ್ನು ನಿಲ್ಲಿಸಿ, ಹೇಳಿದ ವ್ಯಾಯಾಮವನ್ನು ಬಿಡದೆ ಮಾಡುತ್ತಾರೆ. ಲಾಭ ಅಲ್ಲಿದೆ.

ಹೋಗುವ ಮುನ್ನ ಗಮನಿಸಿ

1. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ, ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕು. ತಾರೀಖಿನ ಕ್ರಮದಲ್ಲಿ ಜೋಡಿಸಿಟ್ಟುಕೊಳ್ಳಿ.

2. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ. ಕೇಳಲು ಸಂಕೋಚ ಬೇಡ.

3. ನೋವು ಯಾವಾಗ ಶುರುವಾಯಿತು, ಯಾವ ಕೆಲಸದಲ್ಲಿ ಹೆಚ್ಚು, ನಿದ್ದೆ ಹೇಗಿದೆ, ಯಾವ ಮಾತ್ರೆ ತಿಂದಿರಿ ಎಂಬುದನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ.

4. ಚುಚ್ಚುವುದು, ಸೆಳೆಯುವುದು, ಉರಿಯುವುದು, ಜೋಮು ಹಿಡಿಯುವುದು ಬೇರೆ ಬೇರೆ. ಮನೆಯಲ್ಲಿ ಕನ್ನಡದಲ್ಲಿ ಹೇಳುವುದನ್ನು ವೈದ್ಯರಿಗೆ ತಮಿಳು, ಮಲಯಾಳ ಅಥವಾ ತೆಲುಗಿನಲ್ಲಿ ಸರಿಯಾಗಿ ಹೇಳಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

5. ಕುಡಿಯುವ ನೀರಿನ ಬಗ್ಗೆಯೂ ಹೇಳಿ. ಧರ್ಮಪುರಿ, ಕೋಲಾರದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದಲೂ ಕೀಲುನೋವು ಬರುತ್ತದೆ. ಚಿಕುನ್‌ಗುನ್ಯಾ ಬಂದಿದ್ದರೆ ಅದನ್ನೂ ತಿಳಿಸಿ.

6. ಕಾಲಿನ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಯಾವ ಅಭಿಪ್ರಾಯಕ್ಕೂ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ತೇನಿಯ ಸದಸ್ಯರಿಗೆ ಕಾನಾವಿಲಕ್ಕಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹತ್ತಿರ. ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಫಿಸಿಯೋಥೆರಪಿಯನ್ನು ಮನೆಬಾಗಿಲಿಗೇ ಕೊಡುತ್ತಾರೆ. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಆ ಒಂದು ಪುಟ ಬರೆದುಕೊಡಲು ಯಾರಿಗಾದರೂ ಸಹಾಯ ಬೇಕಿದ್ದರೆ ಸಂಘದ ಮಾಸಿಕ ಸಭೆಗೆ ಕಾಗದಪತ್ರಗಳೊಂದಿಗೆ ಬನ್ನಿ. ಬರೆಯುವ ಕೆಲಸ ನನಗೆ ಹೊಸದಲ್ಲ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ